ಕೆಂಪಿಗೊಂದು ಸಿ.ಡಿ.

ದೇವಲಾಪುರ
12-11-2007

ಖಲಂದರ್ ಸಾರ್ ಅವರಿಗೆ ಹೇಮಶ್ರೀಯ ನಮಸ್ಕಾರಗಳು.

ಯಾವ ಹೇಮಶ್ರೀ ಎಂದು ತಲೆ ಕೆರೆದುಕೊಳ್ಳಬೇಡಿ. ಪಾಂಡವಪುರದಿಂದ ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ನಿಮ್ಮ ಕಂಪ್ಯೂಟರ್ ಕ್ಲಾಸಿನಲ್ಲಿ ಕೂರುತ್ತಿದ್ದವಳು. ಫ್ಲಾಪಿಯನ್ನು ಉಲ್ಟಾ ತುರುಕಿ ನಿಮ್ಮಿಂದ ಚೆನ್ನಾಗಿ ಬೈಸಿಕೊಂಡವಳು. ನೀವು ಕ್ಲಾಸಿನ ಹಳೆಯ ಕಂಪ್ಯೂಟರುಗಳನ್ನು ಮಾರಿದಾಗ ನಮ್ಮಪ್ಪ ಒಂದನ್ನು ಕೊಂಡು ನನ್ನ ಮದುವೆಯ ಸಾಮಾನಿನ ಜೊತೆ ಇಲ್ಲಿಗೆ ಕಳಿಸಿದ್ದರು. ಅದೇ ಈಗ ಕೈಕೊಡುತ್ತಿದೆ.

ಮೊದಲು ನಿಮಗೆ ಫೋನ್ ಮಾಡಿದ್ದೆ. ನೀವೇ ಎತ್ತಿದಿರಿ. ನಾನು ಹೆಸರು ಹೇಳುತ್ತಲೇ ಇದ್ದೆ, ನೀವು "ಹಲೋ, ಹಲೋ" ಎಂದು ಎರಡು ಸಲ ಕೂಗಿ ಇಟ್ಟುಬಿಟ್ಟಿರಿ. ಮದುವೆಗೆ ಮನೆಗೆ ಬಂದು ಕರೆಯಲಿಲ್ಲ ಎನ್ನುವ ಸಿಟ್ಟು ಇನ್ನೂ ಇದ್ದರೆ ದಯವಿಟ್ಟು ಬಿಟ್ಟುಬಿಡಿ ಸಾರ್.

ವಿಷಯ ಇಷ್ಟು. ನಮ್ಮತ್ತೆ ದೊಡ್ಡತಾಯಮ್ಮ ಹಾಡಿಕೊಂಡು ಮಾತಾಡಿಕೊಂಡು ಇದ್ದದ್ದನ್ನು ಈ ಕಂಪ್ಯೂಟರಿಗೆ ಮೈಕು ಸಿಕ್ಕಿಸಿ ರೆಕಾರ್ಡ್ ಮಾಡಿದ್ದೇವೆ. ಅದನ್ನು ಸಿ.ಡಿ.ಗೆ ಹಾಕಬೇಕು. ಹಾಕಲು ಹೋದರೆ ಅರ್ಧ ದಾರಿಯಲ್ಲಿ ನಿಂತು "ರೈಟ್ ಎರರ್", ಅಂದರೆ ಬರೆಯಲಾಗಲಿಲ್ಲ, ಎಂದು ತೋರಿಸಿ ಡಿಸ್ಕ್ ಇಡುವ ತಟ್ಟೆಯನ್ನೇ ಹೊರಗೆ ತಳ್ಳುತ್ತದೆ. ಒಮ್ಮೊಮ್ಮೆ ಶುರುವಿನಲ್ಲೇ ಹಟ ಹಿಡಿಯುತ್ತದೆ. ಆಯುಧಪೂಜೆಗೆ ಮುಂಚೆ ಇದರಲ್ಲೇ ನೆಂಟರ ಮದುವೆ ಫೋಟೊಗಳ ಸಿ.ಡಿ. ಮಾಡಿದ್ದೆ, ಸೊಗಸಾಗಿ ಬಂದಿತ್ತು. ಪೆನ್ ಡ್ರೈವ್ ಹಾಕಿದರೆ ಈ ಹಳೇ ಕಂಪ್ಯೂಟರ್ ಅದನ್ನು ಗುರುತೇ ಹಿಡಿಯುವುದಿಲ್ಲ. ಸಾಲದ್ದಕ್ಕೆ ಈಗೀಗ ಒಳಗಿನಿಂದ ಟಕ್ ಟಕ್ ಎಂದು ಸದ್ದು ಬರುತ್ತಿದೆ. ನಮ್ಮವರು ದಿಲೀಪ್ ಅದನ್ನು ಕೇಳಿ, "ಇದು ಓಗೋ ಕಾಲ ಬಂತು ಕಣೆ" ಅನ್ನುತ್ತಾರೆ. ಆ ರೆಕಾರ್ಡಿಂಗ್ ಇರುವುದು ಅದೊಂದರಲ್ಲೇ.

ನಾನು ಸಿ.ಡಿ. ಹಾಕಲು ಕೂತಾಗಲೆಲ್ಲ ಅತ್ತೆ ಬಂದು ಹಿಂದೆ ನಿಲ್ಲುತ್ತಾರೆ. ಡಿಸ್ಕ್ ವಾಪಸ್ ಬಂದ ಕೂಡಲೇ ಪೆಟ್ಟಿಗೆಯತ್ತ ಕೈ ತೋರಿಸಿ ತಮ್ಮ ಹಣೆ ಮುಟ್ಟಿಕೊಳ್ಳುತ್ತಾರೆ. ಪಾಪ, ನೋಡಿ ನೋಡಿ ತಲೆನೋವು ಬಂದಿರಬೇಕೆಂದು ಮಾತ್ರೆ ಕೊಡುತ್ತೇನೆ. ನುಂಗದೆ ಸೆರಗಿಗೆ ಗಂಟು ಹಾಕಿಕೊಳ್ಳುತ್ತಾರೆ.

ಏನು ಮಾಡಬೇಕು ತಿಳಿಸಿ. ನಿಮ್ಮ ಬೇಗಂ ಖುರ್ಷಿದಮ್ಮನವರಿಗೂ ನನ್ನ ನೆನಪು ಹೇಳಿ.

ನಿಮ್ಮ ಶಿಷ್ಯೆ
ಹೇಮಶ್ರೀ


ಶ್ರೀರಂಗಪಟ್ಟಣ
17-11-2007

ಬೇಟಿ ಹೇಮಶ್ರೀ,

ಫ್ಲಾಪಿ ಉಲ್ಟಾ ಹಾಕಿದವರು ಬಹಳ ಜನ. ಹಾಕಿದ ಮೇಲೆ "ಕಂಪ್ಯೂಟರೇ ಉಲ್ಟಾ ಇದೆ ಸಾರ್" ಎಂದು ವಾದ ಮಾಡಿದವಳು ನೀನೊಬ್ಬಳೇ. ಮರೆಯುವುದುಂಟೆ? ಮದುವೆಯ ವಿಷಯ ಬಿಡು, ನಿಮ್ಮಪ್ಪ ನಮ್ಮ ಮನೆಗೆ ಒಂದು ಡಬ್ಬಿ ಚಿರೋಟಿ ಕಳಿಸಿದ್ದರು, ಬೇಗಂ ಇವತ್ತಿಗೂ ಅದರ ಮಾತಾಡುತ್ತಾಳೆ.

ಇನ್ನು ಮೇಲೆ ಫೋನ್ ಮಾಡಬೇಡ. ಕಂಪ್ಯೂಟರಿನ ಕಾಯಿಲೆಯನ್ನು ಫೋನಿನಲ್ಲಿ ಹೇಳಿಕೊಳ್ಳುವುದು ಬೇಡದ ಕೆಲಸ. ಬರೆ. ಬರೆದರೆ ನಿನಗೂ ತಲೆಯಲ್ಲಿ ಉಳಿಯುತ್ತದೆ.

ಟಕ್ ಟಕ್ ಎನ್ನುವುದು ಹಾರ್ಡ್ ಡಿಸ್ಕು. ಅದಕ್ಕೆ ವಯಸ್ಸಾಗಿದೆ. ಆದ್ದರಿಂದ ಕಂಪ್ಯೂಟರನ್ನು ಜಾಗದಿಂದ ಕದಲಿಸಬೇಡ. ಆಟೋದಲ್ಲಿ ಹೇರಿಕೊಂಡು ನಾಗಮಂಗಲಕ್ಕೋ ಇಲ್ಲಿಗೋ ತರುವ ಯೋಚನೆ ಖಂಡಿತ ಮಾಡಬೇಡ, ನಿಮ್ಮ ರಸ್ತೆಯ ಒಂದು ಹಳ್ಳ ಸಾಕು ಅದರ ಕಥೆ ಮುಗಿಸಲು. ಆ ರೆಕಾರ್ಡಿಂಗನ್ನು ಸುಮ್ಮಸುಮ್ಮನೆ ಹಾಕಿಕೊಂಡು ಕೇಳಲೂಬೇಡ. ಸಿ.ಡಿ. ಮಾಡುವಾಗ ವೇಗವನ್ನು ಎಲ್ಲಕ್ಕಿಂತ ಕೆಳಗಿನದಕ್ಕೆ ಇಡು. ಸ್ಕ್ರೀನ್ ಸೇವರ್ ತೆಗೆದುಬಿಡು. ಬೇರೆ ಏನನ್ನೂ ತೆರೆಯಬೇಡ. ಡಿಸ್ಕನ್ನು ಅಂಚಿನಲ್ಲಿ ಹಿಡಿ.

ಕ್ಲಾಸಿನಲ್ಲಿ ಹೇಳಿದ್ದು ನೆನಪಿದೆಯೇ? ಒಳಗೆ ಒಂದು ಬೆಳಕು ಇದೆ, ಸೂಜಿಯ ಮೊನೆಗಿಂತ ಸಣ್ಣದು. ಅದು ತಿರುಗುವ ಡಿಸ್ಕನ್ನು ಅಲ್ಲಲ್ಲಿ ಸುಟ್ಟು ಗುರುತು ಹಾಕುತ್ತ ಹೋಗುತ್ತದೆ. ಆ ಗುರುತೇ ಆಮೇಲೆ ದನಿಯಾಗಿ ಹೊರಗೆ ಬರುತ್ತದೆ. ಎಷ್ಟು ವರ್ಷ ಪಾಠ ಹೇಳಿದರೂ ನನಗೆ ಇದರ ಬೆರಗು ಹೋಗಿಲ್ಲ. ದನಿಯನ್ನು ಬೆಳಕಿನಿಂದ ಬರೆಯುವುದು ಎಂದರೆ ಏನು ಮಗಳೇ! ಅಂಥ ಕೆಲಸ ಮಾಡುವವನಿಗೆ ಅವಸರ ಮಾಡಬಾರದು, ಅಷ್ಟೇ.

ಇಷ್ಟಾದರೂ ಆಗದಿದ್ದರೆ ಕಣ್ಣೀರು ಹಾಕಬೇಡ. ಹೊಸ ಕಂಪ್ಯೂಟರ್ ಬಂದ ಮೇಲೆ ನಿಮ್ಮತ್ತೆಯನ್ನು ಮತ್ತೊಮ್ಮೆ ಕೂರಿಸಿ ಹಾಡಿಸಿದರಾಯಿತು. ಹಾಡುವವರ ಬಾಯಿಗೆ ಬರ ಬರುತ್ತದೆಯೇ?

ದುವಾಗಳೊಂದಿಗೆ
ಖಲಂದರ್


ದೇವಲಾಪುರ
22-11-2007

ಸಾರ್,

ನೀವು ಹೇಳಿದ್ದೆಲ್ಲ ಮಾಡಿದೆ. ವೇಗ ಕಡಿಮೆ ಮಾಡಿದರೂ ಡಿಸ್ಕ್ ಹಾಗೇ ವಾಪಸ್ ಬಂತು.

ಮತ್ತೊಮ್ಮೆ ಹಾಡಿಸುವುದು ಆಗುವುದಿಲ್ಲ. ಆ ಮಾತು ಬೇಡ.

ನೀವೇ ಒಮ್ಮೆ ಬರಲು ಸಾಧ್ಯವೇ? ನಾಗಮಂಗಲ ಬಸ್ ಸ್ಟ್ಯಾಂಡಿಗೆ ದಿಲೀಪ್ ಬೈಕ್ ತರುತ್ತಾರೆ. ಅದೇ ದಿನ ಕತ್ತಲಾಗುವುದರೊಳಗೆ ನಿಮ್ಮನ್ನು ಬಸ್ಸು ಹತ್ತಿಸುತ್ತೇವೆ.

ಹೇಮಶ್ರೀ


ಶ್ರೀರಂಗಪಟ್ಟಣ
27-11-2007

ಬೇಟಿ,

ನಾನು ಬರಲಾರೆ. ಈ ರಿಪೇರಿ ಅಂಗಡಿ ಬಿಟ್ಟು ಹೊರಡುವ ಹಾಗಿಲ್ಲ.

ಹಾಳಾದ ಒಂದು ಡಿಸ್ಕನ್ನು ರಟ್ಟಿನ ನಡುವೆ ಇಟ್ಟು ಕಳಿಸು. ಒರೆಸಬೇಡ, ಇದ್ದ ಹಾಗೇ ಇರಲಿ. ಕಳಿಸುವ ಮೊದಲು ಬಿಸಿಲಿಗೆ ಓರೆಯಾಗಿ ಹಿಡಿದು ನೋಡು. ಸುಟ್ಟ ಜಾಗದ ಬಣ್ಣ ಬೇರೆ ಇರುತ್ತದೆ, ಮರ ಕೊಯ್ದಾಗ ಕಾಣುವ ಬಳೆಯ ಹಾಗೆ. ಅದು ಎಲ್ಲಿಯವರೆಗೆ ಹೋಗಿ ನಿಂತಿದೆ ಬರೆ.

ಖಲಂದರ್


ದೇವಲಾಪುರ
10-12-2007

ಖಲಂದರ್ ಸಾರ್ ಅವರಿಗೆ,

ಇಷ್ಟು ದಿನ ನಾನು ಬರೆಯದೆ ಇದ್ದದ್ದು ಸಿಟ್ಟಿನಿಂದ. ಅಂಗಡಿ ಬಿಟ್ಟು ಬರಲಾರೆ ಎಂದಿರಲ್ಲ, ಓದಿ ಬಹಳ ನೋವಾಯಿತು. ರಾಗಿ ಕೊಯ್ಲು ಮುಗಿದು ಮೈಮನಸ್ಸು ಸ್ವಲ್ಪ ತಣ್ಣಗಾದ ಮೇಲೆ ತಿಳಿಯಿತು, ತಪ್ಪು ನಿಮ್ಮದಲ್ಲ. ನಾನು ನಿಮಗೆ ನಿಜ ಹೇಳಿಯೇ ಇಲ್ಲ. ಹೇಳಿದರೆ ಅತ್ತೆಯ ವಿಷಯ ಊರೂರಿಗೆ ಹೋಗುತ್ತದೆ, ಜನ ಅಯ್ಯೋ ಪಾಪ ಎನ್ನಲು ಬರುತ್ತಾರೆ, ಅವರಿಗೆ ಅದು ಆಗುವುದಿಲ್ಲ ಎಂದು ಮುಚ್ಚಿಟ್ಟೆ.

ಅತ್ತೆಗೆ ಗಂಟಲಿನಲ್ಲಿ ಕ್ಯಾನ್ಸರ್ ಆಗಿತ್ತು. ದಸರೆಗೆ ಮುಂಚೆ ಮೈಸೂರಿನಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಅವರು ಉಸಿರಾಡುವುದು ಕತ್ತಿನಲ್ಲಿರುವ ತೂತಿನಿಂದ, ಅದರ ಮೇಲೆ ಬಿಳಿ ಬಟ್ಟೆ ಕಟ್ಟಿರುತ್ತೇನೆ. ಜೀವಕ್ಕೆ ಅಪಾಯವಿಲ್ಲ. ಆದರೆ ದನಿ ಇಲ್ಲ ಸಾರ್. ತುಟಿ ಅಲುಗುತ್ತದೆ, ನಮಗೆ ಏನೂ ತಿಳಿಯುವುದಿಲ್ಲ. ಓದು ಬರಹ ಬಾರದವರು, ಬರೆದು ತೋರಿಸುವಂತೆಯೂ ಇಲ್ಲ.

ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ರೆಕಾರ್ಡ್ ಮಾಡೋಣವೆಂದು ಕಂಪ್ಯೂಟರ್ ಮುಂದೆ ಕೂರಿಸಿದೆವು. "ಈ ಡಬ್ಬಕ್ಕೆ ನಾನೇನ್ ಯೋಳ್ಲವ್ವ, ಇದ್ಕೆ ಮೊಕನೇ ಇಲ್ವಲ್ಲ" ಎಂದು ಎದ್ದುಬಿಟ್ಟರು. ಅವರಿಗೆ ಮಾತು ಬರುವುದು ಕೆಂಪಿಯ ಮುಂದೆ. ಕೆಂಪಿ ನಮ್ಮ ನಾಟಿ ಹಸು. ಹಾಲು ಕರೆಯುವಾಗ ಅದರ ಜೊತೆ ಬೈಗುಳ, ಸೋಬಾನೆ ಪದ, ಊರಿನ ಸಮಾಚಾರ ಎಲ್ಲ ಆಗಬೇಕು. ಅದಕ್ಕೆ ಉದ್ದ ವೈರು ಎಳೆದು ಕೊಟ್ಟಿಗೆಯ ಕಂಬಕ್ಕೆ ಮೈಕು ಕಟ್ಟಿದೆವು. "ಎಲ್ಲಾ ಆಚ್ಗೋಗಿ, ನೀವ್ ನಿಂತಿದ್ರೆ ಇವ್ಳು ಹಾಲ್ ಬುಡಾಕಿಲ್ಲ" ಎಂದು ನಮ್ಮನ್ನು ಓಡಿಸಿದರು. ನಾನು ಒಳಗೆ ಕೂತು ಪರದೆಯ ಮೇಲೆ ಹಸಿರು ಗೆರೆ ಏರಿಳಿಯುವುದನ್ನೇ ನೋಡುತ್ತಿದ್ದೆ. ಅವರು ಒಳಗೆ ಬಂದ ಮೇಲೆ ನಿಲ್ಲಿಸಿದೆ. ಅದನ್ನು ಇವತ್ತಿನವರೆಗೆ ಯಾರೂ ಪೂರ್ತಿ ಕೇಳಿಲ್ಲ. ಟಕ್ ಟಕ್ ಶುರುವಾದಾಗಿನಿಂದ ಹಾಕಲು ಧೈರ್ಯವಿಲ್ಲ.

ಈಗ ಕೆಂಪಿ ತನ್ನ ಕರುವಿಗೆ ಬಿಟ್ಟರೆ ಯಾರಿಗೂ ಹಾಲು ಬಿಡುತ್ತಿಲ್ಲ. ಅತ್ತೆ ಕೂತರೂ ದನಿಯಿಲ್ಲದೆ ಅದಕ್ಕೆ ಗುರುತು ಸಿಗುವುದಿಲ್ಲ, ತಲೆಯೆತ್ತಿ ಅತ್ತಿತ್ತ ಹುಡುಕುತ್ತದೆ. ಆಗ ಅತ್ತೆಯ ಮುಖ ನೋಡಲಾಗುವುದಿಲ್ಲ ಸಾರ್. ನಾನು ಕೂತರೆ ಒದೆಯುತ್ತದೆ. ಸಕ್ಕರೆ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವಳು, ಹಸುವಿನ ಹತ್ತಿರ ಏನು ಮಾತಾಡಲಿ? ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಸಿ.ಡಿ. ಆದರೆ ಕೊಟ್ಟಿಗೆಯಲ್ಲಿ ಅತ್ತೆಯ ದನಿ ಹಾಕಬಹುದು. ಈ ಪೆಟ್ಟಿಗೆ ಕೆಟ್ಟರೆ ಆ ದನಿ ಇನ್ನೆಲ್ಲೂ ಇಲ್ಲ.

ಡಿಸ್ಕ್ ಕಳಿಸಿದ್ದೇನೆ. ಬಿಸಿಲಿಗೆ ಹಿಡಿದೆ. ಬಳೆ ಒಂದು ಬೆರಳಷ್ಟೂ ಹೋಗಿಲ್ಲ. ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿದಾಗ ಗೋಡೆಯ ಮೇಲೆ ಕಾಮನಬಿಲ್ಲು ಬಿತ್ತು. ಅವರು ಅದನ್ನೇ ನೋಡುತ್ತ ನಿಂತರು. ಆಮೇಲೆ ಗೋಡೆಗೇ ಕೈ ಮುಗಿದರು.

ಹೇಮಶ್ರೀ


ಶ್ರೀರಂಗಪಟ್ಟಣ
15-12-2007

ಮಗಳೇ,

ನಿನ್ನ ಕಾಗದ ಓದಿ ಬೇಗಂಗೆ ಕೊಟ್ಟೆ. ಮತ್ತೊಮ್ಮೆ ಹಾಡಿಸು ಎಂದು ಬರೆದೆನಲ್ಲ, ಆ ಕೈಗೆ ಏನು ಹೇಳಲಿ. ಮನ್ನಿಸಿಬಿಡು. ಅಂಗಡಿಯ ಮಾತೂ ಪೂರ್ತಿ ನಿಜವಲ್ಲ. ಅದನ್ನು ಇನ್ನೊಮ್ಮೆ ಹೇಳುತ್ತೇನೆ, ಮೊದಲು ಕೆಲಸ.

ನಿನ್ನ ಡಿಸ್ಕನ್ನು ಕಿಟಕಿಯ ಹತ್ತಿರ ಹಿಡಿದು ನೋಡಿದೆ. ಅಂಚಿನಲ್ಲಿ ನವಿರಾಗಿ ಕೆಂಪು ಪುಡಿ. ಬೆರಳಿಗೆ ತಾಗಿಸಿ ಮೂಸಿದೆ. ಬೇಗಂ ಕೂಡ ಮೂಸಿದಳು. ಕುಂಕುಮ! ಜೊತೆಗೆ ಒಂದಿಷ್ಟು ಅರಿಶಿನ.

ನನ್ನ ಅಂಗಡಿಗೂ ಆಯುಧಪೂಜೆ ಆಗುತ್ತದೆ, ಪಕ್ಕದ ವಾಚ್ ರಿಪೇರಿಯ ಚಲುವಯ್ಯನವರು ಪ್ರತಿ ವರ್ಷ ನನ್ನ ಮಾನಿಟರಿಗೂ ಒಂದು ಬೊಟ್ಟು ಇಟ್ಟೇ ಹೋಗುತ್ತಾರೆ. ಹೊರಗೆ ಇಟ್ಟರೆ ತೊಂದರೆಯಿಲ್ಲ. ನಿಮ್ಮ ಮನೆಯಲ್ಲಿ ಯಾರೋ ತಟ್ಟೆಯನ್ನು ಹೊರಗೆ ಕರೆದು ಅದರ ಮೇಲೆ ಪೂಜೆ ಮಾಡಿದ್ದಾರೆ. ತಟ್ಟೆ ಒಳಗೆ ಹೋಗಿ ಡಿಸ್ಕು ಗರಗರ ತಿರುಗಿದಾಗ ಪುಡಿ ಹಾರಿ ಆ ಬೆಳಕಿನ ಕಣ್ಣಿನ ಮೇಲೆ ಕೂತಿದೆ. ಕಣ್ಣಿಗೆ ಕುಂಕುಮ ಬಿದ್ದವನು ಬರೆಯುವುದು ಹೇಗೆ?

ಇದರ ಜೊತೆ ಒಂದು ಡಿಸ್ಕ್ ಕಳಿಸಿದ್ದೇನೆ, ಅದರ ಅಡಿಯಲ್ಲಿ ಸಣ್ಣ ಬ್ರಷ್ ಇದೆ. ಮೊದಲು ತಟ್ಟೆಯನ್ನು ಒಣಬಟ್ಟೆಯಿಂದ ಒರೆಸು, ನೀರು ಮುಟ್ಟಿಸಬೇಡ. ಆಮೇಲೆ ಆ ಡಿಸ್ಕ್ ಹಾಕಿ ತಿರುಗಲು ಬಿಡು, ಬ್ರಷ್ಷು ಕಣ್ಣನ್ನು ಸವರಿ ಶುದ್ಧ ಮಾಡುತ್ತದೆ. ಎರಡು ಮೂರು ಸಲ ಮಾಡು. ನನ್ನ ಹತ್ತಿರವಿದ್ದ ಒಳ್ಳೆಯ ಖಾಲಿ ಡಿಸ್ಕುಗಳನ್ನೂ ಇಟ್ಟಿದ್ದೇನೆ. ಬಿಸ್ಮಿಲ್ಲಾ ಎಂದು ಶುರು ಮಾಡುತ್ತೇನೆ ನಾನು, ನೀನು ನಿಮ್ಮ ದೇವರನ್ನು ನೆನೆ. ಆದರೆ ಕುಂಕುಮ ಬೇಡ.

ಖಲಂದರ್


ದೇವಲಾಪುರ
24-12-2007

ಸಾರ್, ಆಯಿತು! ಆಯಿತು ಸಾರ್!

ಕುಂಕುಮದ ಸಾಲು ಓದಿ ದಿಲೀಪ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರೂ ತಿರುಗಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. ನಾನು ಪೆಟ್ಟಿಗೆ ತೋರಿಸಿ ನನ್ನ ಹಣೆ ಮುಟ್ಟಿಕೊಂಡೆ. ಅವರು ಹೌದು ಹೌದು ಎಂದು ತಲೆಯಾಡಿಸಿದ್ದೇನು, ಕೈ ತಟ್ಟಿದ್ದೇನು! ಸೆರಗಿನ ಗಂಟು ಬಿಚ್ಚಿ ಅಷ್ಟೂ ಮಾತ್ರೆಗಳನ್ನು ನನ್ನ ಮುಂದೆ ಸುರಿದರು. ಅವರು ಹೇಳುತ್ತಿದ್ದದ್ದು ತಲೆನೋವನ್ನಲ್ಲ. "ನಾನು ಅದರೊಳಗೆ ಕುಂಕುಮ ಇಟ್ಟಿದ್ದೇನೆ, ಅದಕ್ಕೇನಾದರೂ ಹೀಗಾಯಿತೇ" ಎಂದು ಕೇಳುತ್ತಿದ್ದರು. ನಾನು ತಟ್ಟೆ ಹೊರಗೆ ಬರಿಸುವುದನ್ನು ನೋಡಿಕೊಂಡಿದ್ದು, ಆಯುಧಪೂಜೆಯ ದಿನ ತಾವೇ ಆ ಗುಂಡಿ ಒತ್ತಿದ್ದನ್ನು ಸನ್ನೆಯಲ್ಲಿ ತೋರಿಸಿದರು. ತಮ್ಮ ದನಿ ಇರುವ ಜಾಗ ಅದು, ಬರೀ ಹೊರಗೆ ಬೊಟ್ಟಿಟ್ಟರೆ ಸಾಲದು ಎಂದುಕೊಂಡಿರಬೇಕು. ಆ ಭಕ್ತಿಗೆ ಯಾರು ತಾನೇ ಬೈಯುತ್ತಾರೆ?

ಬ್ರಷ್ಷಿನ ಡಿಸ್ಕ್ ತಿರುಗಿಸಿದೆ. ಆಮೇಲೆ ನಿಮ್ಮ ಡಿಸ್ಕ್ ಹಾಕಿ, ಎಲ್ಲಕ್ಕಿಂತ ಕಡಿಮೆ ವೇಗ ಇಟ್ಟು, ಕೂತೆ. ಹಾರ್ಡ್ ಡಿಸ್ಕ್ ಟಕ್ ಟಕ್ ಎನ್ನುತ್ತಲೇ ಇತ್ತು. ನೀಲಿ ಪಟ್ಟಿ ಮೆಲ್ಲಗೆ ಮುಂದೆ ಹೋಗುತ್ತಿತ್ತು. ಯಾರೂ ಹೇಳದೆ ದಿಲೀಪ್ ಚಪ್ಪಲಿ ಹೊರಗೆ ಬಿಟ್ಟು ಬಂದು ಕೈಕಟ್ಟಿ ನಿಂತರು. ಪಟ್ಟಿ ತುಂಬಿತು, ತಟ್ಟೆ ಹೊರಗೆ ಬಂತು. ಡಿಸ್ಕ್ ಬೆಚ್ಚಗಿತ್ತು ಸಾರ್. ಅತ್ತೆಯ ಅಂಗೈಯಲ್ಲಿ ಇಟ್ಟೆ. ಅವರು ಅದನ್ನು ಕೆನ್ನೆಗೆ ಒತ್ತಿಕೊಂಡರು. ಮಾತು ಸುಟ್ಟ ಬಿಸಿ ಅದು. ಪೆಟ್ಟಿಗೆ ಕೈಕೊಡುವ ಮೊದಲೇ ಇನ್ನೆರಡು ಮಾಡಿಬಿಟ್ಟೆ.

ಸಂಜೆ ಕೊಟ್ಟಿಗೆಯಲ್ಲಿ ಸಿ.ಡಿ. ಪ್ಲೇಯರ್ ಇಟ್ಟು ಹಾಕಿದೆವು. "ಯಾಕ್ ಇಂಗ್ ನೋಡ್ತೀಯಮ್ಮಿ, ನಾನೇ ಕಣೆ, ಬಾ ಇತ್ಲಾಗೆ" ಎಂದು ಅತ್ತೆಯ ದನಿ ಬಂದದ್ದೇ ತಡ, ಕೆಂಪಿ ಮೇವು ಬಿಟ್ಟು ತಲೆಯೆತ್ತಿತು. ಎರಡು ಕಿವಿಯೂ ಆ ಕಡೆಗೇ. ಮೈಯೆಲ್ಲ ಒಮ್ಮೆ ಜುಮ್ಮೆಂದು ಅದುರಿತು. ಅತ್ತೆ ಕೂತು ಕೈ ಹಾಕಿದರು, ಹಾಲು ಇಳಿಯಿತು. ಬದುಕಿರುವವರ ದನಿ ಒಂದು ಕಡೆ, ಅವರ ಮುಚ್ಚಿದ ಬಾಯಿ ಒಂದು ಕಡೆ, ನಡುವೆ ಆ ಮೂಕಪ್ರಾಣಿ ಎರಡನ್ನೂ ಒಂದೇ ಎಂದು ಹಿಡಿಯಿತು.

ಒಂದು ಸಂಕಟ ಮಾತ್ರ ಉಳಿದಿದೆ. ಕರೆದು ಮುಗಿದ ಕೂಡಲೇ ಅತ್ತೆ ಪ್ಲೇಯರ್ ಆರಿಸಿಬಿಡುತ್ತಾರೆ. ಮನೆಯೊಳಗೆ ಹಾಕಿದರೂ ಸ್ವಲ್ಪ ಹೊತ್ತು ಕೇಳಿ ಗುಂಡಿ ಒತ್ತುತ್ತಾರೆ, ಮುಂದೆ ಹೋಗಲು ಬಿಡುವುದಿಲ್ಲ. ತಮ್ಮದೇ ದನಿ ಕೇಳಿ ದುಃಖವಾಗುತ್ತದೆಯೋ ಏನೋ. ನಾನೂ ಬಲವಂತ ಮಾಡುವುದಿಲ್ಲ.

ಒಂದು ಸಿ.ಡಿ. ನಿಮಗೆ ಕಳಿಸಿದ್ದೇನೆ. ನೀವು ಸೌಂಡ್ ಬಲ್ಲವರು, ಕ್ಲಾಸಿಗೆ ಮುಂಚೆ ಮೈಕ್ ಸೆಟ್ ನಡೆಸಿದವರು. ಪೂರ್ತಿ ಕೇಳಿ ಗೊರಗೊರ ಇದೆಯೇ, ಎಲ್ಲಾದರೂ ಕಡಿದುಹೋಗಿದೆಯೇ ತಿಳಿಸಿ. ಇದೊಂದು ಸಲವಾದರೂ ಫೋನ್ ಮಾಡಿ ಹೇಳಿ ಸಾರ್, ನಿಮ್ಮ ದನಿಯನ್ನೂ ಕೇಳಿದ ಹಾಗಾಗುತ್ತದೆ.

ಹೇಮಶ್ರೀ


ಶ್ರೀರಂಗಪಟ್ಟಣ
4-1-2008

ಮಗಳೇ ಹೇಮಶ್ರೀ,

ಫೋನ್ ಮಾಡಬಹುದಿತ್ತು. ನೀನು ನನ್ನ ದನಿ ಕೇಳಬಹುದಿತ್ತು. ನಿನ್ನದು ನನಗೆ ಕೇಳುವುದಿಲ್ಲ.

ನನ್ನ ಕಿವಿ ಹೋಗಿದೆ ಬೇಟಿ. ಎಷ್ಟೋ ವರ್ಷ ಮೈಕ್ ಸೆಟ್ಟಿನ ಹಾರ್ನುಗಳ ಕೆಳಗೆ ಕೂತವನು. ಮೊದಲು ಹಕ್ಕಿಗಳು ಹೋದವು, ಆಮೇಲೆ ಅಜಾನ್, ಆಮೇಲೆ ಬೇಗಂ ದನಿ. ಟೆಲಿಫೋನಿನ ದೀಪ ಮಿನುಗಿದರೆ ಹಳೇ ಅಭ್ಯಾಸಕ್ಕೆ ಎತ್ತಿ ಹಲೋ ಎನ್ನುತ್ತೇನೆ, ಅಷ್ಟೇ. ಹೋದ ವರ್ಷ ಹಿಂದಿನಿಂದ ಬಂದ ಕಬ್ಬಿನ ಲಾರಿ ನನ್ನನ್ನು ಸವರಿಕೊಂಡು ಹೋಯಿತು. ಅಂದಿನಿಂದ ಬೇಗಂ ನನ್ನೊಬ್ಬನನ್ನೇ ಎಲ್ಲಿಗೂ ಬಿಡುವುದಿಲ್ಲ. ನಿಮ್ಮೂರಿಗೆ ಬಾರದಿದ್ದದ್ದು ಇದಕ್ಕೆ. ಸೌಂಡಿನ ಖಲಂದರ್ ಕಿವುಡನಾದ ಎಂದು ಹೇಳಿಕೊಳ್ಳಲು ನಾಚಿಕೆ, ಇನ್ನೇನು?

ಆದರೂ ನಿನ್ನ ಸಿ.ಡಿ. ಕೇಳಿದೆ. ಹೇಗೆ ಗೊತ್ತೇ? ಹಳೇ ದೊಡ್ಡ ಸ್ಪೀಕರ್ ಬಾಕ್ಸಿಗೆ ಹಚ್ಚಿ, ಮುಂದೆ ಕೂತು ಎರಡೂ ಅಂಗೈ ಇಟ್ಟೆ. ದನಿ ಅಂಗೈಗೆ ಬಂತು. ಬೈಯುವಾಗ ಒಂದು ತರಹ ಗುದ್ದು, ಹಾಡುವಾಗ ಮೊಣಕೈವರೆಗೆ ಏರುವ ಅಲೆ. ನಡುವೆ ಹಾಲು ಬೀಳುವ ತಾಳ ಕೂಡ ಸಿಕ್ಕಿತು ಮಗಳೇ, ಆಣೆಯಾಗಿಯೂ! ಎದುರಿಗೆ ಬೇಗಂ ಕೂತು ಪ್ರತಿ ಮಾತನ್ನೂ ತುಟಿಯಲ್ಲಿ ಹೇಳುತ್ತಿದ್ದಳು. ತುಟಿ ಓದುವುದು ನನಗೆ ಈಗ ನೀರು ಕುಡಿದಷ್ಟು ಸಲೀಸು. ನಗುತ್ತ ಹೇಳುತ್ತಿದ್ದವಳು ಕೊನೆಗೆ ಬಂದಾಗ ನಿಲ್ಲಿಸಿ ಸೆರಗು ಬಾಯಿಗಿಟ್ಟಳು. ನಾನು ಬಿಡಲಿಲ್ಲ. ಹಿಂದಕ್ಕೆ ಹಾಕಿ ಮತ್ತೆ ಕೇಳಿ ಹೇಳು ಎಂದೆ.

ನೀನು ಕೊನೆಯವರೆಗೆ ಕೇಳಿಲ್ಲ. ನಿಮ್ಮತ್ತೆ ಗುಂಡಿ ಒತ್ತುವುದು ದುಃಖಕ್ಕಲ್ಲ. ನಿನ್ನ ಮುಂದೆ ಅದು ಬಂದರೆ ನಾಚಿಕೆಯೆಂದು. ಹಾಲು ಕರೆದಾದ ಮೇಲೆ ಅವರು ಕೆಂಪಿಗೆ ಹೇಳಿದ್ದು ಇದು, ಬೇಗಂ ಹೇಳಿದ ಹಾಗೆ ಒಂದಕ್ಷರ ಬಿಡದೆ ಬರೆಯುತ್ತಿದ್ದೇನೆ:

"ಕೆಂಪಿ, ನಾಳೀಕೆ ಮೈಸೂರ್ಗೋಯ್ತೀನಿ ಕಣವ್ವ. ಬಂದ್ಮೇಕೆ ನಂಗೆ ದನಿ ಇರಾಕಿಲ್ವಂತೆ. ಇನ್ಮೇಲೆ ನಮ್ ಏಮ ಬತ್ತಾಳೆ ನಿನ್ತಾವ್ಕೆ. ಪ್ಯಾಟೆ ಉಡ್ಗಿ, ಬಾಯ್ ಬುಡಾಕೆ ನಾಚ್ಕತಾಳೆ. ಅವ್ಳು ಅಡ್ಗೆ ಮನೇಲಿ ಒಬ್ಳೇ ಇದ್ದಾಗ ಹಾಡ್ತಾಳೆ, ನಾನ್ ಕದ್ದು ಕೇಳಿವ್ನಿ, ನಂಗಿಂತ ಚೆಂದಾಗದೆ ಅವ್ಳ ದನಿ. ಅವ್ಳು ಮಾತಾಡ್ದಾಗ ನಾನೇ ಮಾತಾಡ್ದೆ ಅನ್ಕಂಡು ಹಾಲ್ ಬುಡು ನನ್ನವ್ವ. ಒದೀಬ್ಯಾಡ."

ಇಷ್ಟೇ. ಆಮೇಲೆ ಹೆಜ್ಜೆ ಸದ್ದು ಇದೆಯಂತೆ. ಗೊರಗೊರ ಇಲ್ಲ, ಎಲ್ಲೂ ಕಡಿದಿಲ್ಲ.

ನಿಮ್ಮತ್ತೆಯನ್ನು ಬೆಳಕಿಗೆ ಮುಖ ಮಾಡಿ ಕೂರಿಸು. ತುಟಿಯನ್ನೇ ನೋಡು, ಅವಸರ ಬೇಡ. ಒಂದು ಮಾತು ಸಿಕ್ಕಿದರೆ ಉಳಿದದ್ದು ತಾನಾಗಿ ಬರುತ್ತದೆ. ಹಬ್ಬ ಮುಗಿಸಿ ಅವರನ್ನು ಇಲ್ಲಿಗೆ ಕರೆದುಕೊಂಡು ಬಾ. ಅವರಿಗೆ ದನಿಯಿಲ್ಲ, ನನಗೆ ಅದು ಬೇಕೂ ಇಲ್ಲ. ಸಂಜೆಯವರೆಗೆ ಹರಟೆ ಹೊಡೆಯುತ್ತೇವೆ.

ಖಲಂದರ್


ದೇವಲಾಪುರ
16-1-2008

ಸಾರ್,

ನಿಮ್ಮ ಕಾಗದವನ್ನು ಕೊಟ್ಟಿಗೆಯ ಮೆಟ್ಟಿಲ ಮೇಲೆ ಕೂತು ಓದಿದೆ. ಎಷ್ಟು ಸಲ ಓದಿದೆನೋ. ನಿಮಗೆ ಕೇಳಿಸದ್ದನ್ನು ನೀವು ಕೇಳಿ ನನಗೆ ಕೇಳಿಸಿದಿರಿ. ಕೋಪಿಸಿಕೊಂಡಿದ್ದಕ್ಕೆ ಎಷ್ಟು ಸಲ ನನ್ನನ್ನೇ ಬೈದುಕೊಂಡೆ ಗೊತ್ತೇ? ಅಡುಗೆ ಮನೆಯಲ್ಲಿ ನಾನು ಹಾಡಿಕೊಳ್ಳುವುದು ಅವರಿಗೆ ಗೊತ್ತಿತ್ತು ಎನ್ನುವುದೇ ನನಗೆ ಗೊತ್ತಿರಲಿಲ್ಲ.

ನಿನ್ನೆ ಸಂಕ್ರಾಂತಿ. ಕೆಂಪಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಕಿಚ್ಚು ಹಾಯಿಸಿ ಕರೆತಂದೆವು. ಹಾಲು ಕರೆಯುವ ಹೊತ್ತಿಗೆ ದಿಲೀಪ್ ಪ್ಲೇಯರ್ ತಂದರು. ನಾನು ಬೇಡವೆಂದೆ. ಕೂತೆ. ಕೆಂಪಿ ಕಾಲೆತ್ತಿತು. ಏನು ಹೇಳುವುದೋ ತೋಚಲಿಲ್ಲ. ಕೊನೆಗೆ, "ಕೆಂಪಿ, ನಾನು ಹೇಮ. ನಿನಗೆ ಹೇಳಿ ಹೋಗಿದ್ದರಂತಲ್ಲ" ಎಂದೆ. ಮುಂದೆ ಮಾತು ಸಿಗದೆ ಅಡುಗೆ ಮನೆಯ ಹಾಡನ್ನೇ ಶುರು ಮಾಡಿದೆ. ಕೆಂಪಿ ತಿರುಗಿ ನನ್ನನ್ನು ಬಹಳ ಹೊತ್ತು ನೋಡಿತು. ಕಾಲು ಕೆಳಗಿಟ್ಟಿತು. ಕೈಯೊಳಗೆ ಹಾಲು ಇಳಿದು ಬಂದದ್ದು ಗೊತ್ತಾಯಿತು, ನಿಮ್ಮ ಅಂಗೈಗೆ ದನಿ ಬಂದಂತೆ.

ತಲೆಯೆತ್ತಿದರೆ ಅತ್ತೆ ಎದುರಿನ ಬಾಗಿಲಲ್ಲಿ, ಇಳಿಬಿಸಿಲಿಗೆ ಮುಖ ಮಾಡಿ ನಿಂತಿದ್ದರು. ತುಟಿ ಅಲುಗಿತು. ನೀವು ಹೇಳಿದ ಹಾಗೆ ಅವಸರ ಮಾಡದೆ ನೋಡಿದೆ. ಅವರೂ ನಿಧಾನವಾಗಿ ಇನ್ನೊಮ್ಮೆ ಹೇಳಿದರು. ಈ ಸಲ ಸಿಕ್ಕಿತು ಸಾರ್, ಪೂರ್ತಿ ಸಿಕ್ಕಿತು.

"ನೋಡ್ದಾ? ನಾನ್ ಯೋಳ್ಲಿಲ್ವಾ?" ಅಂದರು.

ಭಾನುವಾರ ಇಬ್ಬರೂ ಬರುತ್ತಿದ್ದೇವೆ. ಎಳ್ಳುಬೆಲ್ಲ ತರುತ್ತೇವೆ.

ಹೇಮಶ್ರೀ